ನರ್ಸಬಾಯಿಯ ಪಿಂಚಣಿ ಮತ್ತು ಊರು ಸುತ್ತುವ ಖಣ

ಚಿಕ್ಕೋಡಿಯಿಂದ ಕಾಗವಾಡದವರೆಗೆ ಹುಡುಕಿದರೂ ನಮ್ಮ ನಾದಿನಿಗೆ ಒಂದು ಖಣ ಕೊಡುವ ಧೈರ್ಯವಂತರು ಸಿಗುತ್ತಿರಲಿಲ್ಲ! ಒಂದೇ ದಿನದಲ್ಲಿ ಕಚೇರಿಯಿಂದ ಹೊಲದ ಉತಾರ ತೆಗೆಸಿಕೊಂಡು ಬಂದ ಗಂಡಸರನ್ನು ನಾನು ಕಂಡಿದ್ದೇನೆ. ಮಾಯವ್ವನ ದಯೆ, ಪವಾಡಗಳು ನಡೆಯುತ್ತವೆ. ಆದರೆ ಹನ್ನೆರಡು ವರ್ಷಗಳಲ್ಲಿ ಈಕೆಗೆ ಒಂದು ಖಣ ಕೊಟ್ಟವರನ್ನು ಕಂಡಿರಲಿಲ್ಲ. ಎಲ್ಲರಿಗೂ ಆಕೆಯ ಬಾಯಿಯ ಭಯ ಎಂದೇ ನಾನು ತಿಳಿದಿದ್ದೆ.

ಖಣದ ಸಂಗತಿ ನಿಮಗೆ ಗೊತ್ತಿದ್ದದ್ದೇ. ಮದುವೆ, ಬಸುರಿಯ ಕುಬಸ, ತೊಟ್ಟಿಲು, ಯಾವ ಕಾರ್ಯಕ್ಕೆ ಹೋದರೂ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಮೇಲೊಂದು ರವಿಕೆಯ ಖಣ. ಅದನ್ನು ಜಂಪರ್ ಹೊಲಿಸಿಕೊಂಡು ತೊಟ್ಟ ಹೆಂಗಸು ಇನ್ನೂ ಹುಟ್ಟಿಲ್ಲ. ತಂದು ಟ್ರಂಕಿಗೆ ಹಾಕುವುದು, ಮುಂದಿನ ಕಾರ್ಯಕ್ಕೆ ಅದನ್ನೇ ಸಾಗಿಸುವುದು. ಜುಗೂಳದ ಒಂದು ಮದುವೆಯಲ್ಲಿ ನಾನು ಕೊಟ್ಟ ನೀಲಿ ಖಣ, ಮೂಲೆಯಲ್ಲಿ ನನ್ನದೇ ಕೈಯ ಅರಿಶಿನದ ಕಲೆ ಹೊತ್ತು, ನಾಲ್ಕು ವರ್ಷ ಎಲ್ಲೆಲ್ಲೋ ತಿರುಗಿ ನಿಪ್ಪಾಣಿಯ ತೊಟ್ಟಿಲ ಕಾರ್ಯದಲ್ಲಿ ನನ್ನ ಉಡಿಗೇ ಬಂದು ಬಿತ್ತು. ತವರಿಗೆ ಬಂದ ಮಗಳ ಹಾಗೆ! ಇಲಿ ಕಡಿದಿರಲಿಲ್ಲ, ಅದೂ ದೇವರ ದಯೆಯೇ. ಕಣ್ಣಿಗೊತ್ತಿಕೊಂಡು ಮತ್ತೆ ಟ್ರಂಕಿಗೆ ಹಾಕಿದೆ.

ನಡುವೆ ಅದು ಯಾರ ಯಾರ ಕೈ ದಾಟಿತು ಎಂದು ನಾವು ಕೇಳುತ್ತೇವೆಯೇ? ಇಲ್ಲ. ನಮ್ಮ ನಾದಿನಿ ಕೇಳುತ್ತಾಳೆ.

ಆಕೆ ನಮ್ಮ ಮನೆಯವರ ತಂಗಿ. ರಾಯಬಾಗ ತಾಲೂಕಿನ ಪಾಲಬಾವಿಯ ಕಡೆ ಸರಕಾರಿ ನರ್ಸು. ಊರಿಗೆ ಊರೇ ನರ್ಸಬಾಯಿ ಎನ್ನುವುದರಿಂದ ನಾನೂ ಹಾಗೇ ಅನ್ನುತ್ತೇನೆ. ಆಕೆಗೆ ನಾನು ವೈನಿ.

ಬಹಳ ಹಿಂದೆ, ಆಕೆಯ ಗಂಡ ಇನ್ನೂ ಇದ್ದ ಕಾಲ, ಅಥಣಿಯ ಮದುವೆಯೊಂದಕ್ಕೆ ಹೋಗಿದ್ದೆವು. ಬೀಗರ ಪೈಕಿಯ ಒಬ್ಬ ಹಿರಿಯಳು ಸಾಲಾಗಿ ಕೂತ ಹೆಂಗಸರಿಗೆಲ್ಲ ಉಡಿ ತುಂಬುತ್ತ ಬಂದಳು. ಆ ಹಿರಿಯಳ ಮನೆಯಲ್ಲಿ ಸೊಸೆಯನ್ನು ಹೊಡೆದು ತವರಿಗೆ ಅಟ್ಟಿ ಆರು ತಿಂಗಳಾಗಿತ್ತು. ನಮಗೆಲ್ಲ ಗೊತ್ತು. ಗೊತ್ತಿದ್ದೂ ಸೆರಗು ಒಡ್ಡುತ್ತಿದ್ದೆವು. ನರ್ಸಬಾಯಿ ಮಾತ್ರ ತನ್ನ ಉಡಿಗೆ ಬಿದ್ದ ಖಣವನ್ನೆತ್ತಿ ವಾಪಸು ತಾಟಿನಲ್ಲಿಟ್ಟಳು.

“ಕಾಕೂ, ಮೊದಲ ನಿಮ್ಮ ಸೊಸಿ ಕಡೆ ಹೋಗಿ ತಪ್ಪಾತು ಅನ್ರಿ. ಆಮ್ಯಾಲ ನನಗ ಉಡಿ ತುಂಬ್ರಿ.”

ವಾಜಂತ್ರಿಯವರ ಸನಾದಿ ಸಹ ಅರ್ಧಕ್ಕೇ ನಿಂತಿತು! ಹಿರಿಯಳು ಕೆಂಡದಂತಾಗಿ, ಆ ಖಣವನ್ನು ಪಕ್ಕದಲ್ಲಿದ್ದ ನನ್ನ ಉಡಿಗೆ ಎಸೆದು ಮುಂದೆ ಹೋದಳು. ನನಗೆ ಎರಡಾದವು. ಬೇಡ ಅನ್ನಬೇಕಿತ್ತು, ನಿಜ. ಆದರೆ ಗಿಳಿಹಸಿರು, ಮೇಲೆ ಜರಿ ಅಂಚು... ನೀವೇ ಹೇಳಿ!

ಇಂಥವಳ ಕೈಗೆ ಪಿಂಚಣಿಯ ಕಾಗದ ಸಿಕ್ಕರೆ ಏನಾಗಬೇಕು?

ಗುತ್ತಿಗೆಯ ಮೇಲೆ ವರ್ಷಗಟ್ಟಲೆ ದುಡಿದು ಆಕೆ ಕಾಯಂ ಆಗುವ ಹೊತ್ತಿಗೆ ಹಳೆಯ ಪಿಂಚಣಿ ಹೋಗಿ ಹೊಸ ಪಿಂಚಣಿ ಬಂದಿತ್ತು. ಹೊಸದರಲ್ಲಿ ಪಗಾರದಿಂದ ತಿಂಗಳಿಗಿಷ್ಟು ಹಿಡಿಯುತ್ತಾರೆ, ಸರಕಾರವೂ ಒಂದಿಷ್ಟು ಹಾಕುತ್ತದೆ, ಆ ಗಂಟನ್ನು ಯಾರೋ ಎಲ್ಲೆಲ್ಲೋ ಹೂಡಿ ಬೆಳೆಸುತ್ತಾರೆ. ಹನ್ನೆರಡು ವರ್ಷದ ಹಿಂದೆ ಗಂಡ ತೀರಿಕೊಂಡ, ಮಕ್ಕಳಿಲ್ಲದ ಆಕೆಗೆ ಮುಪ್ಪಿನ ಅನ್ನ ಎಂದರೆ ಆ ಗಂಟೊಂದೇ. ಬೇರೆಯವರು ಗಂಟು ಎಷ್ಟು ದಪ್ಪವಾಯಿತು ಎಂದು ನೋಡಿ ಸುಮ್ಮನಾಗುತ್ತಾರೆ. ಈಕೆ ನಿವೃತ್ತಿಗೆ ಎರಡು ವರ್ಷವಿದ್ದಾಗ ಕಚೇರಿಯ ಗುಮಾಸ್ತರ ಮುಂದೆ ಕುರ್ಚಿ ಎಳೆದುಕೊಂಡು ಕೂತಳಂತೆ.

“ನನ್ನ ರೊಕ್ಕ ಎಲ್ಲಿ ಐತ್ರಿ?”

“ಭಾಳ ಛಲೋ ಬೆಳದೈತ್ರಿ ಬಾಯಾರ.”

“ಎಷ್ಟ ಬೆಳದೈತಿ ಅಂತ ಕೇಳಿಲ್ರಿ. ಯಾರ ಮನ್ಯಾಗ ಬೆಳ್ಯಾಕತ್ತೈತಿ ಅಂತ ಕೇಳಿದೆ.”

ಇಡೀ ನೌಕರಿಯಲ್ಲಿ ಆ ಗುಮಾಸ್ತರಿಗೆ ಯಾರೂ ಈ ಪ್ರಶ್ನೆ ಹಾಕಿರಲಿಲ್ಲ. ಒಮ್ಮೆ ನಾಳೆ ಎಂದರು, ಒಮ್ಮೆ ಸಾಹೇಬರಿಲ್ಲ ಎಂದರು. ಮೂರನೆಯ ಸಲ ಈಕೆ ಬುತ್ತಿ ಕಟ್ಟಿಕೊಂಡೇ ಹೋದಳು. ಮಧ್ಯಾಹ್ನ ಅವರ ಮೇಜಿನ ಮೇಲೆಯೇ ರೊಟ್ಟಿ ಬಿಚ್ಚಿ, “ಬರ್ರಿ, ಪುಂಡಿಪಲ್ಯ ಐತಿ, ಉಣ್ಣೂಣು” ಎಂದದ್ದೇ ತಡ, ಪಾಪ, ಕಂಪ್ಯೂಟರಿನಿಂದ ಹುಡುಕಿ ತೆಗೆದು ಕೈಗಿಟ್ಟರು. ಪಿಂಚಣಿಯ ಹಣ ಯಾವ ಯಾವ ಕಂಪನಿಯ ಶೇರಿನಲ್ಲಿದೆ ಎಂಬ ಪಟ್ಟಿ. ಪುಟಗಟ್ಟಲೆ ಇತ್ತು!

ಆ ಪಟ್ಟಿಯನ್ನು ಆಕೆ ನಮ್ಮ ಪಡಸಾಲೆಯಲ್ಲಿ ಕೂತು ಓದಿದಳು. ಸಾಲಿನ ಕೆಳಗೆ ಫೂಟುಪಟ್ಟಿ ಇಟ್ಟುಕೊಂಡು, ಲಸಿಕೆಯ ರಜಿಸ್ಟರ್ ನೋಡುವ ಹಾಗೆ. ಆ ಫೂಟುಪಟ್ಟಿಯ ಕೆಳಗೆ ಹೆತ್ತವರೇ ಮರೆತ ಮಕ್ಕಳು ಸಿಕ್ಕಿಬಿದ್ದಿದ್ದಾರೆ, ಕಂಪನಿ ಯಾವ ಲೆಕ್ಕ! ಮೂರನೆಯ ಪುಟದಲ್ಲಿ ಫೂಟುಪಟ್ಟಿ ನಿಂತಿತು. ಒಂದು ಸಕ್ಕರೆ ಕಂಪನಿಯ ಹೆಸರು. ನರ್ಸಬಾಯಿಯ ಮುಖ ನೋಡಿ ನಾನು ಹೆರೆಯುತ್ತಿದ್ದ ಕೊಬ್ಬರಿ ಕೆಳಗಿಟ್ಟೆ.

ಆ ಕಂಪನಿಯ ಕಾರ್ಖಾನೆಗೆ ಕಬ್ಬು ಕಡಿಯಲು ಗಡಿಯಾಚೆಯಿಂದ ಮರಾಠಿ ಮಾತಿನ ಗ್ಯಾಂಗುಗಳು ಬರುತ್ತವೆ. ಆಳು ತರುವ ಮುಕಾದಮ ಅವರಿಗೆ ಮುಂಗಡ ಕೊಟ್ಟಿರುತ್ತಾನೆ. ಅದು ತೀರುವ ತನಕ ಯಾರೂ ಜಾಗ ಬಿಟ್ಟು ಅಲುಗುವಂತಿಲ್ಲ. ಕೆಲವು ವರ್ಷಗಳ ಹಿಂದೆ ಅವರಲ್ಲೊಬ್ಬಳು ಕಬ್ಬಿನ ಸಾಲಿನಲ್ಲೇ ಹೆತ್ತಳು. ನರ್ಸಬಾಯಿ ಓಡಿದಳು. ರಕ್ತ ನಿಲ್ಲದೆ ದವಾಖಾನೆಗೆ ಒಯ್ಯಬೇಕಾದಾಗ ಮುಕಾದಮ ಗಾಡಿಗೆ ಅಡ್ಡ ನಿಂತನಂತೆ. ಓಡಿಹೋದರೆ ಅವನ ಮುಂಗಡದ ಗತಿ? ಕೊನೆಗೆ ಆಕೆಯ ದೊಡ್ಡ ಮಗುವನ್ನು ಒತ್ತೆಯಾಗಿ ಇಟ್ಟುಕೊಂಡು ತಾಯಿಯನ್ನು ಬಿಟ್ಟ. ಹನ್ನೊಂದನೆಯ ದಿನಕ್ಕೆ ಆ ಬಾಣಂತಿ ಕೈಯಲ್ಲಿ ಕಡಿಯುವ ಕೊಯ್ತಾ ಹಿಡಿದು ಮತ್ತೆ ಕಬ್ಬಿನಲ್ಲಿ. ನರ್ಸಬಾಯಿ ದೂರು ಕೊಟ್ಟಾಗ ಕಂಪನಿಯ ಉತ್ತರ ಬಂತು: ಅವರು ನಮ್ಮ ಆಳುಗಳಲ್ಲ, ಗುತ್ತಿಗೆದಾರರ ಆಳುಗಳು.

“ಸಕ್ರಿ ಮಾತ್ರ ಇವರದಂತ!” ಎಂದಳು ನರ್ಸಬಾಯಿ. “ಇವರು ಬೆಳಸಿದ್ದನ್ನ ನಾ ಮುದುಕಿ ಆಗಿ ಕುಂತ ಉಣಬೇಕೇನ್ ವೈನಿ?”

ಅವತ್ತೇ ಕಚೇರಿಗೆ ಪತ್ರ ಬರೆದಳು. ಮೊದಲು ಆ ಕಂಪನಿಗೆ ತಿದ್ದಿಕೋ ಎಂದು ಹೇಳಿರಿ, ತಿದ್ದಿಕೊಳ್ಳದಿದ್ದರೆ ನಮ್ಮ ಪಿಂಚಣಿಯ ಹಣ ಅಲ್ಲಿಂದ ತೆಗೆಯಿರಿ. ನನ್ನದೊಂದೇ ಅಲ್ಲ, ಎಲ್ಲರದೂ. ಆ ಪತ್ರ ಚಿಕ್ಕೋಡಿಯಿಂದ ಬೆಳಗಾವಿಗೆ ಹೋಯಿತು. ಬೆಳಗಾವಿಯವರು ಬೆಂಗಳೂರಿಗೆ ಕಳಿಸಿದರು. ಬೆಂಗಳೂರಿನವರು ದಿಲ್ಲಿಗೆ ಸಾಗಿಸಿದರು. ದಿಲ್ಲಿಯವರು ಓದಿದರೋ ಬಿಟ್ಟರೋ, ಎಂಟು ತಿಂಗಳ ಮೇಲೆ ಅದು ಮೈತುಂಬ ಶಿಕ್ಕೆ ಹೊಡೆಸಿಕೊಂಡು, “ನಿಮ್ಮ ಹಂತದಲ್ಲಿಯೇ ಸೂಕ್ತ ಕ್ರಮ ಕೈಗೊಳ್ಳುವುದು” ಎಂಬ ಒಕ್ಕಣೆಯೊಂದಿಗೆ ಅದೇ ಗುಮಾಸ್ತರ ಮೇಜಿಗೆ ಬಂದು ಕೂತಿತು. ನನಗೆ ತಕ್ಷಣ ನೆನಪಾದದ್ದು ನನ್ನ ಅರಿಶಿನದ ಕಲೆಯ ಖಣ!

ನಮ್ಮ ಮನೆಯವರಿಗೆ ನಕ್ಕು ನಕ್ಕು ಸಾಕಾಯಿತು. “ನಿನ್ನ ಕಾಗದ ನೋಡಿ ಕಂಪನಿ ಗಡಗಡ ನಡಗಾಕತ್ತೈತಂತ ತಂಗಿ!”

ನಗಬಾರದಿತ್ತು. ಆಕೆ ಚಪ್ಪಲಿ ಮೆಟ್ಟಿಕೊಂಡು ಎದ್ದಳು. “ನಡಿ ಅಣ್ಣಾ, ಮೊದಲ ನಿನ್ನ ಹೊಲ ನೋಡೂಣು.”

“ನಮ್ಮ ಕಬ್ಬ ಆ ಕಾರ್ಖಾನಿಗೆ ಹೋಗೂದಿಲ್ಲವಾ!”

“ಕಡಿಯೋರು ಮನಿಷ್ಯಾರೋ ಅಲ್ಲೋ?”

ನಮ್ಮ ಹೊಲದಲ್ಲೂ ಅವತ್ತು ಗ್ಯಾಂಗು ಇತ್ತು. ಕುಡಿಯಲು ಕಾಲುವೆಯ ನೀರು. ಹೆಂಗಸರಿಗೆ ಮರೆ ಎಂದರೆ ಕಬ್ಬೇ; ಕಬ್ಬು ಕಡಿದಷ್ಟೂ ಮರೆ ಕಡಿಮೆ. ಕೂಸುಗಳು ಬಿಸಿಲಿನಲ್ಲಿ ಒಣಸೋಗೆಯ ರವದಿಯ ಮೇಲೆ. ನರ್ಸಬಾಯಿ ಎಲ್ಲ ಬರೆದುಕೊಂಡು ಬಂದು, ಇವು ಸರಿಯಾಗುವ ತನಕ ನಿಮ್ಮ ಮನೆಯ ಅನ್ನ ನೀರು ಒಲ್ಲೆ ಎಂದಳು. ಒಲ್ಲೆ ಎಂದು ತನ್ನೂರಿಗೆ ಹೋದಳೇ? ಇಲ್ಲ! ನಮ್ಮ ಕಟ್ಟೆಯ ಮೇಲೆ ಕೂತು, ಓಣಿಯವರೆಲ್ಲ ನೋಡುವ ಹಾಗೆ, ಪಕ್ಕದ ಮನೆಯಿಂದ ಚಹಾ ತರಿಸಿಕೊಂಡು ಕುಡಿದಳು.

ನನಗೂ ಸಿಟ್ಟು ಬಂತು. “ನಾನೂ ದೇವರು ದಿಂಡರು ಮಾಡಾಕಿ. ನನ್ನ ಮನಿ ನೀರ ಬ್ಯಾಡ ಅಂತೀಯಲ್ಲ!”

“ದೇವರಿಗೆ ದಿನಾ ಸಕ್ರಿ ನೈವೇದ್ಯ ಮಾಡ್ತಿ ವೈನಿ. ಯಾರ್ದು, ಎಲ್ಲಿದು ಅಂತ ದೇವರ ಕೇಳಿದ್ರ ಏನ ಹೇಳ್ತಿ?”

ಅಂದು ಸಂಜೆ ದೀಪ ಹಚ್ಚುವಾಗ ನನ್ನ ಕೈ ನೈವೇದ್ಯದ ಬಟ್ಟಲಿನ ಹತ್ತಿರ ಹೋಗಿ ನಿಂತಿತು. ಆಮೇಲೆ ನಾನೂ ನನ್ನ ಹಂತದಲ್ಲಿಯೇ ಸೂಕ್ತ ಕ್ರಮ ಕೈಗೊಂಡೆ: ಮನೆಯವರ ಚಹಾಕ್ಕೆ ಸಕ್ಕರೆ ನಿಲ್ಲಿಸಿದೆ. ಒಂದು ದಿನ ಗುರುಗುಟ್ಟಿದರು. ಎರಡನೆಯ ದಿನ ಡಬ್ಬಿ ಹುಡುಕಿದರು. ಅದು ದೇವರ ಗೂಡಿನಲ್ಲಿತ್ತು, ಸ್ನಾನ ಮಾಡದೆ ಮುಟ್ಟುವಂತಿಲ್ಲ. ಮೂರನೆಯ ದಿನ ಹೊಲಕ್ಕೆ ನೀರಿನ ಟ್ಯಾಂಕು ಹೋಯಿತು, ತಗಡಿನ ಮರೆ ಎದ್ದಿತು, ಬೇವಿನ ಗಿಡಕ್ಕೆ ಕೂಸುಗಳ ನಾಲ್ಕು ಜೋಳಿಗೆ ಬಿದ್ದವು. ದೊಡ್ಡ ಕೆಲಸವೇನಲ್ಲ. ಅಷ್ಟಾದರೂ ಆಯಿತಲ್ಲ ಎಂದು ದೇವರಿಗೆ ಕೈಮುಗಿದೆ.

ಇತ್ತ ಗುಮಾಸ್ತರು ಈ ಹೆಂಗಸಿನ ಕಾಟ ತಾಳದೆ ಒಂದು ದಾರಿ ಹುಡುಕಿದ್ದರು. ಬೇಕಾದವರು ಒಂದು ಅರ್ಜಿ ತುಂಬಿ, ತಮ್ಮ ಗಂಟನ್ನು ಕಂಪನಿಗಳಿಂದ ಬಿಡಿಸಿ ಪೂರಾ ಸರಕಾರಿ ಸಾಲಪತ್ರಕ್ಕೆ ಹಾಕಿಸಬಹುದಂತೆ. ಬೆಳೆಯುವುದು ನಿಧಾನ; ಪಿಂಚಣಿ ಕಡಿಮೆ ಬಂದೀತು. ಸಹಿ ಮಾಡಬೇಡ ಎಂದು ನಮ್ಮ ಮನೆಯವರು ಗದರಿದರು, ಅತ್ತೂ ನೋಡಿದರು. ನಾನೂ ನನ್ನ ಬುದ್ಧಿ ಖರ್ಚು ಮಾಡಿದೆ.

“ಹುಚ್ಚಿ, ನಿನ್ನ ಒಂದು ಮುಷ್ಟಿ ಜ್ವಾಳಾ ತಗದ್ರ ಅವರ ಕಣಜ ಬರಿದಾಗತೈತೇನ? ಅವರಿಗೆ ಗೊತ್ತಾಗೂದೂ ಇಲ್ಲ.”

“ಅಥಣ್ಯಾಗ ನಾ ಒಬ್ಬಾಕಿನ ಖಣ ತಿರಗಿ ಕೊಟ್ಟೆ. ನನ್ನ ಹಿಂದ ನಾಕ ಮಂದಿ ಕೊಟ್ರು. ಆ ಅತ್ತಿ ಸೊಸಿ ತವರಿಗೆ ಹೋಗಿ ಕೈ ಮುಗದ ಬಂದ್ಲು.” ಪೆನ್ನಿನ ಮುಚ್ಚಳ ತೆಗೆದು ಸೇರಿಸಿದಳು. “ನೀ ಒಬ್ಬಾಕಿ ಎರಡ ತಗೊಂಡಿ.”

ಇಷ್ಟು ವರ್ಷ ಅದನ್ನು ನೆನಪಿಟ್ಟುಕೊಂಡಿದ್ದಳು ನೋಡಿ! ಸಹಿ ಮಾಡಿಯೇ ಬಿಟ್ಟಳು. ಮುಂದಿನ ತಿಂಗಳ ಮೀಟಿಂಗಿನಲ್ಲಿ ಏಳು ಜನ ನರ್ಸುಗಳು ಅದೇ ಅರ್ಜಿ ಕೇಳಿದರಂತೆ. ಪತ್ರವೂ ಈಕೆಯದು ಸೇರಿ ಎಂಟು ಸಹಿ ಹೊತ್ತು ಎರಡನೆಯ ಸಲ ಊರು ಸುತ್ತಲು ಹೊರಟಿತು. ಆ ಕಂಪನಿ ಪಟ್ಟಿಯಲ್ಲಿ ಇನ್ನೂ ಇದೆ. ಸುಳ್ಳು ಯಾಕೆ ಹೇಳಲಿ?

ಈ ವರ್ಷ ಆಕೆ ನಿವೃತ್ತಳಾಗಿ, ಒಂದು ಟ್ರಂಕು ಹಿಡಿದು ನಮ್ಮ ಹಿತ್ತಲ ಕೋಣೆಗೆ ಬಂದಳು. ಮೊದಲ ಪಿಂಚಣಿ ಬಂದ ದಿನ ಮನೆಯವರು ಪಾಸ್‌ಬುಕ್ ನೋಡಿ ನಿಟ್ಟುಸಿರು ಬಿಟ್ಟರು.

“ಇದು ಪಿಂಚಣಿ ಅಲ್ಲ ತಂಗಿ, ಚಹಾದ ರೊಕ್ಕ.”

“ಸಕ್ರಿ ಹಾಕಿದ ಚಹಾನೋ, ಹಾಕಲಾರದ್ದೋ?”

ಅವರು ಪಾಸ್‌ಬುಕ್ ಮಡಚಿ ಆಕೆಯ ಕೈಗಿಟ್ಟರು.

ಆ ದಿನವೇ ಟ್ರಂಕು ಜೋಡಿಸಿಕೊಡಲು ಕೂತೆ. ಹಳೆಯ ರಜಿಸ್ಟರುಗಳು, ಬಿಳಿ ಸೀರೆಗಳು, ಫೂಟುಪಟ್ಟಿ. ತೀರ ತಳದಲ್ಲಿ ಒಂದು ಖಣ. ಅಗ್ಗದ್ದು, ಕೆಂಪು ಬಣ್ಣ ಮಾಸಿ ಇಟ್ಟಂಗಿಯಂತಾಗಿತ್ತು. ಕೈ ರೂಢಿಯಂತೆ, “ಇದನ್ನ ಯಾರಿಗೆ ಸಾಗಿಸೂದು?” ಎಂದು ಪಕ್ಕಕ್ಕಿಟ್ಟೆ. ಆಕೆ ಹದ್ದಿನಂತೆ ಎರಗಿ ಕಿತ್ತುಕೊಂಡಳು.

“ಇದು ಸಾಗಿಸೂದಲ್ಲ.”

ಆ ವರ್ಷ ಗ್ಯಾಂಗು ಊರು ಬಿಡುವ ದಿನ ಆ ಬಾಣಂತಿ ಆರೋಗ್ಯ ಉಪಕೇಂದ್ರದ ಬಾಗಿಲಿಗೆ ಬಂದಿದ್ದಳಂತೆ. ಕುಬಸದ ದಿನ ತವರವ್ವ ತನಗೆ ಹಾಕಿದ್ದ ಖಣವನ್ನು ಹಿಡಿದುಕೊಂಡು.

“ನಾ ಹೇಳಿದೆ ವೈನಿ, ನನಗ ಗಂಡ ಇಲ್ಲವಾ, ಉಡಿ ತುಂಬಬಾರದು ಅಂತ. ‘ನಾಹೀ ಮ್ಹಣೂ ನಕಾ ಬಾಯಿ’ ಅಂದ್ಲು. ಇಲ್ಲ ಅನಬ್ಯಾಡ್ರಿ ಅಂತ. ಸೆರಗ ಒಡ್ಡಿದೆ.” ಖಣದ ಮಡಿಕೆ ಸವರಿದಳು. “ಎಲ್ಲಿದು ಅಂತ ನಾ ಕೇಳಲಾರದ ತಗೊಂಡದ್ದು ಇದೊಂದ ನೋಡು. ಆ ಕಂಪನಿ ರೊಕ್ಕ ಉಂಡು, ಇದನ್ನ ಹೆಂಗ ಇಟ್ಕೊಳ್ಳಲಿ?”

ಹನ್ನೆರಡು ವರ್ಷ ಆಕೆಗೆ ಯಾರೂ ಖಣ ಕೊಡದಿದ್ದದ್ದು ಆಕೆಯ ಬಾಯಿಗೆ ಹೆದರಿ ಅಲ್ಲ. ಹಾಗೆಂದುಕೊಂಡರೆ ನನಗೆ ಹಗುರವಾಗುತ್ತಿತ್ತು, ಅಷ್ಟೇ. ಅರ್ಧ ಚಿಕ್ಕೋಡಿಗೆ ಉಡಿ ತುಂಬಿದ ಕೈ ನನ್ನದು. ಹಬ್ಬಕ್ಕೊಂದು ಸೀರೆಯನ್ನು ಆಕೆಯ ಕೈಗಿಟ್ಟು, ಉಡಿಯನ್ನು ದಾಟಿ ಮುಂದೆ ಹೋದದ್ದೂ ಈ ಕೈಯೇ.

ಬಂದ ಶುಕ್ರವಾರ ನಾನು ನನ್ನ ಟ್ರಂಕು ತೆಗೆಯಲಿಲ್ಲ. ಪೇಟೆಗೆ ಹೋಗಿ ಹೊಸದೊಂದು ಖಣ ತಂದೆ, ಕಪ್ಪು ಮೈ, ಕೆಂಪು ಅಂಚು. ದೇವರ ಮುಂದೆ ಮಣೆ ಹಾಕಿ ಆಕೆಯನ್ನು ಕೂರಿಸಿದೆ. ಮನೆಯವರು ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದರು. ನಾನು ಸಕ್ಕರೆ ಡಬ್ಬಿಯ ಕಡೆ ನೋಡಿದೆ. ಮುಚ್ಚಿದರು.

ಆಕೆ ಖಣ ನೋಡಿದಳು, ನನ್ನ ಮುಖ ನೋಡಿದಳು.

“ಎಲ್ಲಿಂದ ಬಂತಿದು?”

ಕೇಳದೇ ಬಿಡುತ್ತಾಳೆಯೇ!

“ನನ್ನ ಎಮ್ಮಿ ಹಾಲಿನ ರೊಕ್ಕದ್ದು. ಎಮ್ಮಿ ಹೊಟ್ಟಿ ತುಂಬ ಮೇದೈತಿ. ಕರುವಿಗೆ ಬಿಟ್ಟ ಮ್ಯಾಲನ ಹಿಂಡೀನಿ. ಇನ್ನ ಏನರ ಕೇಳೂದೈತಿ?”

“ಇಲ್ಲ” ಎಂದಳು ನರ್ಸಬಾಯಿ. ಎರಡೂ ಕೈಯಲ್ಲಿ ಸೆರಗು ಒಡ್ಡಿದಳು.

ಮರುದಿನ ನಾನು ಏಳುವಷ್ಟರಲ್ಲಿ ಹಿತ್ತಲ ಕೋಣೆ ಖಾಲಿ. ದರ್ಜಿಯ ಅಂಗಡಿ ಬಾಗಿಲು ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದಳಂತೆ, ಜಂಪರಿಗೆ ಅಳತೆ ಕೊಡಲು.