ಬಟನ್ ಮೇಲಿನ ಕುಂಕುಮ

ನವೆಂಬರ್ ಒಂಬತ್ತು, ಭಾನುವಾರ, ಬೆಳಗ್ಗೆ ಹತ್ತೂಕಾಲು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿದ್ದಾರೆ. ಅವರ ತಲೆಯ ಹತ್ತಿರವೇ ಟೀವಿ ಸ್ಟ್ಯಾಂಡ್, ಅದರ ಮೇಲೆ ನನ್ನ ಗೇಮ್ ಕನ್ಸೋಲ್. ಅದನ್ನು ಆನ್ ಮಾಡುವ ಧೈರ್ಯವಿಲ್ಲದ್ದರಿಂದ ಇದನ್ನು ಬರೆಯಲು ಕೂತಿದ್ದೇನೆ.

ದೊಡ್ಡ ಕಷ್ಟಗಳನ್ನು ಮನುಷ್ಯ ಹೇಗೋ ನುಂಗಿಕೊಳ್ಳುತ್ತಾನೆ. ಚಿಕ್ಕ ಕಿರಿಕಿರಿಗಳಿಗೇ ಡೈರಿ ಬೇಕಾಗುವುದು. ನಾನು ಹೊಸೂರು ಪಕ್ಕದ ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. ವಸ್ತುಗಳಲ್ಲಿ ಹುಳುಕು ಹುಡುಕಿ ತಾರೀಕು ಹಾಕಿ ಬರೆಯುವುದೇ ಕೆಲಸ. ಆ ಚಾಳಿ ಮನೆಗೂ ಬಂದಿದೆ. ಹೊಸೂರಿನ ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ ಕನ್ಸೋಲ್ ತಂದ ದಿನವೇ ಅದಕ್ಕೊಂದು ಪುಟ ತೆರೆದೆ. ಕೈಯಲ್ಲಿ ಹಿಡಿಯುವ ರಿಮೋಟಿನ ಚಾರ್ಜರ್ ವೈರು ಮೋಟು. ಟೀವಿಗೆ ಮೂಗು ತಾಗಿಸಿಕೊಂಡು ಆಡಬೇಕು. ಅದರ ನೀಲಿ ದೀಪ ಟೀವಿ ಗಾಜಿನಲ್ಲಿ ಹೊಳೆಯುತ್ತದೆ. ಶತ್ರುವೆಂದು ತಿಳಿದು ಅದಕ್ಕೇ ಎಷ್ಟೋ ಸಲ ಗುಂಡು ಹೊಡೆದಿದ್ದೇನೆ. ಇವೆಲ್ಲ ಹೋಗಲಿ. ಆನ್ ಮಾಡುವ ಬಟನ್ನೂ ಡಿಸ್ಕ್ ಹೊರದಬ್ಬುವ ಬಟನ್ನೂ ಅಕ್ಕಪಕ್ಕದಲ್ಲಿವೆ. ಕಪ್ಪು ಮೈ ಮೇಲೆ ಎರಡೂ ಕಪ್ಪೇ, ಉಬ್ಬಿಲ್ಲ, ತಗ್ಗಿಲ್ಲ. ಬೆರಳು ಸೋಕಿದರೆ 'ಕುಂಯ್' ಎನ್ನುತ್ತದೆ. ಧೂಳು ಒರೆಸಿದರೂ ಕುಂಯ್. ಬಟನ್ ಕಾಣದಿರುವುದೇ ಅದರ ಅಂದವಂತೆ. ನಮ್ಮಲ್ಲಿ ಯಾರಾದರೂ ಅಂದಕ್ಕೆಂದು ಯಂತ್ರದ ಸ್ವಿಚ್ ಬಚ್ಚಿಟ್ಟರೆ ಸೂಪರ್‌ವೈಸರ್ ಅವನನ್ನೇ ಬಚ್ಚಿಡುತ್ತಾರೆ.

ಅಂಗಡಿಯವರಿಗೆ ದೂರು ಕೊಟ್ಟೆ. ಅವರು ಟೀ ಹೀರುತ್ತಾ ತಮಿಳಿನಲ್ಲಿ "ಪಳಗಿಡುಂ ತಂಬಿ" ಎಂದರು. ಅಭ್ಯಾಸವಾಗುತ್ತದೆ ತಮ್ಮಾ, ಎಂದು. ನನಗೇನೋ ಆಗುತ್ತದೆ, ಹಗಲು ನಿದ್ದೆಯ ಅಪ್ಪನಿಗೆ? ಮೂರನೇ ಸಲ ಎಚ್ಚರವಾದಾಗ ಅವರು ಎದ್ದು ಕೂತು, "ಏನ್ಲಾ ಅದು, ನಾಯಿಮರಿ ಬಾಲ ತುಳ್ದಂಗೆ? ಇನ್ನೊಂದ್ಸಲ ಕುಂಯ್ ಅಂದ್ರೆ ತಂದಿದ್ ಅಂಗ್ಡೀಗೇ ಕೊಟ್ಬುಟ್ ಬತ್ತೀನಿ ಕಣ್ಲಾ" ಎಂದರು. ಅಪ್ಪ ಹೇಳಿದ್ದನ್ನು ಮಾಡುವವರು. ನಾನು ಹಗಲಾಟ ಬಿಟ್ಟೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಆ ದಿನ ನಮ್ಮ ಕಡೆ ತಿರುಗುವುದು, ಉರಿಯುವುದು, ಪ್ಲಗ್ಗಿರುವುದು ಯಾವುದೂ ಬೊಟ್ಟಿಲ್ಲದೆ ಉಳಿಯುವುದಿಲ್ಲ. ಅಪ್ಪ ಕಾರ್ಖಾನೆಯ ಪೂಜೆ ಮುಗಿಸಿ ಪುರಿ ಪೊಟ್ಟಣ ಹಿಡಿದು ಬಂದು ಕೂತಿದ್ದರು. ಅಮ್ಮ ಸ್ಕೂಟರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಮುಗಿಸಿ ಕನ್ಸೋಲ್ ಹತ್ತಿರ ಬಂದಳು. "ಅಮ್ಮಾ, ಅದ್ಕ್ ಬ್ಯಾಡ" ಎನ್ನುವಷ್ಟರಲ್ಲಿ ಒದ್ದೆ ಅರಿಶಿನ, ಅದರ ಮೇಲೆ ಕುಂಕುಮ, ಸರಿಯಾಗಿ ಆನ್ ಬಟನ್ನಿನ ಮೇಲೆ.

ಕುಂಯ್!

ಅಪ್ಪ ಎದ್ದರು. "ಅಂಗ್ಡಿ ಇವತ್ತು ತೆಗ್ದೈತೇನ್ಲಾ?"

ಅಮ್ಮ ತಟ್ಟೆ ಹಿಡಿದೇ ಅಡ್ಡ ನಿಂತಳು. "ಬಿಡ್ತು ಅನ್ನಿ! ಮಿಕ್ಸಿಗೆ ವರ್ಸಾ ವರ್ಸಾ ಇಕ್ತೀನಿ, ಒಂದ್ ದಿನಾನಾದ್ರೂ ಮಾತಾಡೈತಾ? ಇದು ನೋಡಿ, ಬೊಟ್ಟಿಕ್ಕಿದ್ ತಕ್ಷಣ ಪೂಜೆ ಒಪ್ಕಂಡ್ತು. ಇದನ್ನ ಮನೆ ಬಿಟ್ ಕಳಿಸ್ತೀರಾ?"

ಅಪ್ಪ ಮತ್ತೆ ಕೂತರು. ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡು, "ಒಪ್ಕಳ್ಲಿ. ವಸಿ ಮೆಲ್ಲಗೆ ಒಪ್ಕಬಾರ್ದಾ?" ಎಂದರು.

ಕನ್ಸೋಲ್ ಉಳಿಯಿತು. ಕೆಂಪು ಬೊಟ್ಟಿನ ದಯದಿಂದ ಅಂದಿನಿಂದ ನಾನು ತಪ್ಪು ಬಟನ್ ಒತ್ತಿಲ್ಲ. ಡೈರಿಯ ಆ ದೂರಿಗೆ ಗೀಟು ಹೊಡೆದಿದ್ದೇನೆ. ಬೊಟ್ಟು ಅಳಿಸಿಹೋಗದಂತೆ ಪ್ರತಿ ಶುಕ್ರವಾರ ಬೆಳಗ್ಗೆ, ಅಪ್ಪ ಪಾಳಿಯಿಂದ ಬರುವ ಮೊದಲು, ನಾನೇ ಹೊಸದಾಗಿ ಇಡುತ್ತೇನೆ. ಹುಡುಗನಿಗೆ ಭಕ್ತಿ ಬಂದಿದೆ ಎಂದು ಅಮ್ಮ ಪಕ್ಕದ ಮನೆಯವರಿಗೆ ಹೇಳಿಕೊಂಡು ಬಂದಿದ್ದಾಳೆ. ಮೊನ್ನೆ ಶುಕ್ರವಾರ ಮಾತ್ರ ಎಡವಟ್ಟಾಯಿತು. ಹಿಂದಿನ ರಾತ್ರಿ ಗುಡುಗಿತ್ತೆಂದು ಪ್ಲಗ್ ಕಿತ್ತಿಟ್ಟದ್ದು ಮರೆತಿದ್ದೆ. ಬೊಟ್ಟಿಟ್ಟೆ, ಅದು ತುಟಿಪಿಟಕ್ ಎನ್ನಲಿಲ್ಲ. ಕರ್ಪೂರ ಹಿಡಿದು ಕುಂಯ್‌ಗಾಗಿ ಕಾಯುತ್ತಿದ್ದ ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸ್ನಾನ ಮಾಡಿದ್ಯೇನ್ಲಾ?" ಎಂದಳು.

ಮಾಡಿರಲಿಲ್ಲ.

ಆದ್ದರಿಂದ, ಈ ಕುಂಯ್ ಶಬ್ದ ನಿಲ್ಲಿಸುವ ದಾರಿ ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ಶುಕ್ರವಾರ ಮಾತ್ರ, ನಾನು ಸ್ನಾನ ಮಾಡಿದ್ದರೂ ಮಾಡದಿದ್ದರೂ, ಅದು ಕುಂಯ್ ಎನ್ನುವಂತಿರಬೇಕು.