ಮುದಿಯಪ್ಪನ ಟೆಂಪೋಗೆ ಏಸಿ ಬಂತು

ಸುಶೀಲವ್ವನಿಗೆ ಬಿಸಿಲಿನ ಮೇಲೆ ಸಿಟ್ಟು. ಗಂಡ ಮುದಿಯಪ್ಪ ತೀರಿಹೋಗಿ ಹತ್ತು ತಿಂಗಳಾಗಿತ್ತು. ಅದಕ್ಕೆ ಬಿಸಿಲು ಕಾರಣವಲ್ಲ. ಆದರೆ ವ್ಯಾಪಾರಕ್ಕೆ ಅದೇ ಶತ್ರು.

ಗಂಡ ಹೆಂಡತಿ ಗಜೇಂದ್ರಗಡದ ಮಗ್ಗದ ಸೀರೆಗಳನ್ನು ಟೆಂಪೋದಲ್ಲಿ ತುಂಬಿಕೊಂಡು ರೋಣ, ಸವಡಿ, ನರಗುಂದ ಎಂದು ತಿರುಗುತ್ತಿದ್ದರು. ಅಡುಗೆ ಅದರಲ್ಲೇ, ನಿದ್ದೆ ಅದರಲ್ಲೇ, ಜಗಳವೂ ಅದರಲ್ಲೇ. (ಮುನಿಸಿಕೊಂಡು ಎದ್ದುಹೋಗಲು ಇನ್ನೊಂದು ಕೋಣೆ ಇರಲಿಲ್ಲ. ಹಾಗಾಗಿ ರಾಜಿ ಬೇಗ ಆಗುತ್ತಿತ್ತು.) ಬೇಸಿಗೆಯಲ್ಲಿ ಮಾತ್ರ ಆ ತಗಡಿನ ಡಬ್ಬಿಯೊಳಗೆ ಯಾವ ಹೆಂಗಸೂ ಕೂಡುತ್ತಿರಲಿಲ್ಲ. ಮೂರನೆಯ ಸೀರೆ ಬಿಚ್ಚುವಷ್ಟರಲ್ಲಿ ಗಿರಾಕಿ ಬೆವರು ಒರೆಸಿಕೊಳ್ಳುತ್ತ ಬೀದಿಯಲ್ಲಿರುತ್ತಿದ್ದಳು.

ಈಗ ಆ ಟೆಂಪೋ ಮೇಲೆ ರೋಣದ ಜೋಳದ ವ್ಯಾಪಾರಿ ಮಹಾಲಿಂಗಪ್ಪನ ಕಣ್ಣು ಬಿದ್ದಿತ್ತು. ಕೊಟ್ಟುಬಿಡು ಎಂದು ಎಲ್ಲರೂ ಹೇಳಿದರು. ಆಗದು ಎಂದಳು ಸುಶೀಲವ್ವ. ಡ್ರೈವರ್ ಸೀಟಿನಲ್ಲಿ ಮುದಿಯಪ್ಪ ಕೂತು ಕೂತು ಬಿದ್ದ ಕುಳಿ ಇನ್ನೂ ಹಾಗೇ ಇತ್ತು.

ಮೈದುನ ಸಂಜೀವಕುಮಾರ ಪಂಪ್ ರಿಪೇರಿಯವನು. ಒಂದು ದಿನ ಬಂದು ಹೇಳಿದ:

“ವೈನಿ, ಗಾಡಿಗೆ ಏಸಿ ಕೂಡಸ್ತೇನಿ. ಬಿಸಲಿನ ಮ್ಯಾಲೆ ನಡೀತೈತಿ.”

“ಬಿಸಲಿಂದ ತಂಪೇನೋ? ನಾಳೆ ಒಲಿ ಹಚ್ಚಿ ಐಸ್ ಮಾಡತೀ ಏನು?”

ಸಂಜೀವ ಒಂದು ತಿಂಗಳು ಟೆಂಪೋದೊಳಗೇ ಇದ್ದ. ತಗಡಿಗೆ ಒಳಗಿನಿಂದ ಥರ್ಮಾಕೋಲ್ ಬಡಿದ. ಛಾವಣಿಯ ಮೇಲೆ ಮೂರು ಸೋಲಾರ್ ಪ್ಲೇಟ್ ಕೂಡಿಸಿದ. ಮಂಚದ ಕೆಳಗೆ ಬ್ಯಾಟರಿ, ಅದರ ಪಕ್ಕಕ್ಕೆ ಇನ್ವರ್ಟರ್, ಗೋಡೆಗೆ ಸಣ್ಣ ಏಸಿ. ಇಂಜಿನ್ ಚಾಲೂ ಮಾಡಬೇಕಿಲ್ಲ, ಡೀಸೆಲ್ ಸುಡಬೇಕಿಲ್ಲ. ಗುಂಡಿ ಒತ್ತಿದ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಸಾಕ್ಷಾತ್ ಹಿಮಾಲಯ! ಸುಶೀಲವ್ವ ಗಾಳಿಗೆ ಕೈ ಒಡ್ಡಿ ನಿಂತಳು. ಬಹಳ ಹೊತ್ತು ನಿಂತಳು.

“ನಿಮ್ಮಣ್ಣ ಇರಬೇಕಾಗಿತ್ತು,” ಎಂದಳು.

ಸಂಜೀವ ಬಿಗಿಯಾಗಿದ್ದ ಸ್ಕ್ರೂ ಒಂದನ್ನು ಮತ್ತೆ ಬಿಗಿ ಮಾಡಿದ.

ಸುದ್ದಿ ಕೇಳಿ ಮಹಾಲಿಂಗಪ್ಪ ನಕ್ಕ. “ರೋಣ ಪ್ಯಾಟ್ಯಾಗ ಮುಂಜಾನಿ ಒಂಬತ್ತರಿಂದ ಹೊತ್ತು ಮುಳಗೂತನಾ ನಡೀಲಿ. ಮತ್ತ ಗಾಡಿ ಕೇಳೂದಿಲ್ಲ. ನಿಂತಿತಂದ್ರ ನಾ ಅಂದ ರೇಟಿಗೆ ಕೀಲಿಕೈ ನನಗ.”

“ಆತ್ರಿ ಸಾವ್ಕಾರ್ರ,” ಎಂದಳು ಸುಶೀಲವ್ವ.

ಹಿಂದಿನ ಸಂಜೆಯೇ ರೋಣಕ್ಕೆ ಬಂದು ಟೆಂಪೋ ನಿಲ್ಲಿಸಿದರು. ಸಂಜೀವ ಹಿಂದಿನ ಏಣಿ ಹತ್ತಿ ಪ್ಲೇಟುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದ.

“ವೈನಿ, ಇಡೀ ಪ್ಯಾಟ್ಯಾಗ ಇದಕ್ಕಿಂತ ಸ್ವಚ್ಛ ಜಾಗಾ ಇಲ್ಲ ನೋಡ್ರಿ. ದಿನಾ ಪೂರ್ತಿ ಬಿಸಲು!”

ಸುಶೀಲವ್ವ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

ಈ ಬೇಸಿಗೆ ಸಂಡಿಗೆ ಹಾಕಬಾರದು ಎಂದುಕೊಂಡಿದ್ದಳು. ಸಂಡಿಗೆ ಬೇಕಾಗಿದ್ದದ್ದು ಮುದಿಯಪ್ಪನಿಗೆ. ಆದರೆ ಕೈ ಕೇಳಲಿಲ್ಲ. ಹಿಟ್ಟು ಟೆಂಪೋದಲ್ಲೇ ಜೊತೆಗೆ ಬಂದಿತ್ತು. ಬೆಳಗಾಗುವ ಮೊದಲೇ ಎದ್ದು, ಕುದಿಸಿ, ಸಂಜೀವ ಚಹಾಕ್ಕೆ ಹೋದಾಗ ಸಂಡಿಗೆ ಇಟ್ಟು ಮುಗಿಸಿ ಕೈ ತೊಳೆದುಕೊಂಡಳು.

ಒಂಬತ್ತಕ್ಕೆ ಏಸಿ ಚಾಲೂ ಆಯಿತು. ಹತ್ತಕ್ಕೆ ಒಳಗೆ ಕಾಲಿಡಲು ಜಾಗವಿಲ್ಲ. ಮಹಾಲಿಂಗಪ್ಪನ ಹೆಂಡತಿ ಅನ್ನಪೂರ್ಣೇಶ್ವರಿ ಬಂದು ಮಂಚದ ಮೂಲೆ ಹಿಡಿದವಳು ಹನ್ನೊಂದು ಸೀರೆ ಬಿಚ್ಚಿಸಿದರೂ ಏಳಲಿಲ್ಲ.

“ಬಾಗಿಲಾ ಹಾಕ್ರೆವಾ! ತಂಪು ಹೊರಗ ಹೊಂಟೈತಿ!” ಸುಶೀಲವ್ವ ಕೂಗಿದಳು. ಕೇಳಿದವರಿಗೂ ಕೇಳದವರಿಗೂ ಹೇಳಿದಳು: “ನಮ್ಮ ಸಂಜೀವ ಮಾಡ್ಯಾನ. ಸೂರ್ಯನ್ನ ಆಳು ಮಾಡಿ ದುಡಸಾಕ ಹತ್ಯಾನ!”

ಒಂದು ಗಂಟೆಗೆ ಏಸಿ ನಿಂತಿತು.

ಮಹಾಲಿಂಗಪ್ಪ ಬಾಗಿಲಲ್ಲೇ ಇದ್ದ. ಸಂಜೀವ ಮಂಚದ ಕೆಳಗೆ ನುಗ್ಗಿ ಹೊರಬಂದ. ಮುಖ ಬಿಳಿಚಿತ್ತು.

“ಬ್ಯಾಟರಿ ಖಾಲಿ ಆಗೇತ್ರಿ ವೈನಿ. ಇಂಥಾ ಬಿಸಲಾಗ ಹ್ಯಾಂಗ?”

“ಹ್ಯಾಂಗಂತ ನನ್ನ ಕೇಳತೀ ಏನು? ಪಂಪ್ ರಿಪೇರಿ ಬ್ಯಾರೆ, ಇದು ಬ್ಯಾರೆ! ನಿಮ್ಮಣ್ಣನ ಗಾಡಿ ಕಳದೆಲ್ಲೋ! ಮಂದಿ ಮುಂದ ನನ್ನ ಮಾನಾನೂ ಕಳದಿ!”

ಸಂಜೀವ ಏಣಿ ಹತ್ತಿದ. ಮೇಲಿನಿಂದ ಕೂಗಿದ:

“ವೈನೀ...”

“ಏನೋ?”

“ಸಂಡಿಗಿ ಒಣಗ್ಯಾವ. ತಗೀಲೇನ್ರಿ?”

ಪೇಟೆಯೇ ನಕ್ಕಿತು. ಮೂರು ಪ್ಲೇಟಿನ ಮೇಲೂ ಮುದಿಯಪ್ಪನ ಎರಡು ಧೋತರ ಹಾಸಿ, ಅಂಚಿನಿಂದ ಅಂಚಿಗೆ ಸಂಡಿಗೆ! ಏಸಿ ಬೆಳಗಿನಿಂದ ಬರೀ ಬ್ಯಾಟರಿಯ ಮೇಲೆ ನಡೆದಿತ್ತು.

“ಇಲ್ಲ್ಯಾಕ ಹಾಕಿದ್ರಿ ವೈನಿ?”

“ನೀನ ಅಂದೆಲ್ಲ, ಸ್ವಚ್ಛ ಜಾಗಾ, ದಿನಾ ಪೂರ್ತಿ ಬಿಸಲು ಅಂತ.”

“ಅಣ್ಣನ ಧೋತರಾನ ಬೇಕಾಗಿದ್ವೇನ್ರಿ?”

“ಅವರಿಗಂತನ ಹಾಕಿದ್ದೆ,” ಎಂದಳು.

ಸಂಜೀವ ಧೋತರಗಳನ್ನು ಮೆಲ್ಲಗೆ ಸುತ್ತಿಕೊಂಡು ಇಳಿದ. “ನಾಕು ತಾಸು ಒಂದ ಬ್ಯಾಟರಿ ಎಳದೈತ್ರಿ,” ಎಂದ. ಅವನಿಗೇ ಆಶ್ಚರ್ಯವಾಗಿತ್ತು.

ಕೊಟ್ಟ ಮಾತು ಕೊಟ್ಟದ್ದೇ. ಸುಶೀಲವ್ವ ಸೆರಗಿನ ಗಂಟು ಬಿಚ್ಚಿ ಕೀಲಿಕೈ ಮುಂದೆ ಹಿಡಿದಳು. ಮಹಾಲಿಂಗಪ್ಪ ಕೈ ಚಾಚಿದ.

“ಮುಟ್ಟಬ್ಯಾಡ್ರಿ!” ಒಳಗಿನಿಂದ ಅನ್ನಪೂರ್ಣೇಶ್ವರಿಯ ದನಿ.

“ಏಸಿ ನಿಂತೈತಲ್ಲ?”

“ಏಸಿ ನಿಂತಿಲ್ಲ. ಸಂಡಿಗಿ ಒಣಗೂತನಾ ತಡದೈತಿ. ನೀವು ಗಾಡಿ ತಗೊಂಡ್ರ ಜ್ವಾಳದ ಚೀಲಾ ತುಂಬತೀರಿ. ನಾ ಎಲ್ಲಿ ಕೂಡಲಿ? ಇನ್ನೂ ಹತ್ತು ಸೀರಿ ನೋಡೂವು ಅದಾವ. ಕೀಲಿಕೈ ತಗೊಂಡ ಮನಿಗೆ ಬರ್ರಿ, ರೊಟ್ಟಿ ಯಾರು ಬಡೀತಾರ ನೋಡೂಣು!”

ಮಹಾಲಿಂಗಪ್ಪ ಚಾಚಿದ ಕೈಯಿಂದ ತಲೆ ಕೆರೆದುಕೊಂಡ.

ಅರ್ಧ ತಾಸಿನಲ್ಲಿ ಏಸಿ ಮತ್ತೆ ಶುರುವಾಯಿತು. ಹೊತ್ತು ಮುಳುಗುವವರೆಗೆ ನಿಲ್ಲಲಿಲ್ಲ. ಸುಶೀಲವ್ವ ಅಲ್ಲೇ ಸಂಡಿಗೆ ಕರಿದಳು. ಪ್ಲೇಟಿನ ಕಾದ ಗಾಜಿನ ಮೇಲೆ ಅರ್ಧ ದಿನದಲ್ಲಿ ಗರಿಗರಿಯಾಗಿದ್ದವು. ಎಲ್ಲರಿಗಿಂತ ಹೆಚ್ಚು ತಿಂದವನು ಮಹಾಲಿಂಗಪ್ಪ.

ಮರುದಿನ ಸಂಜೀವ ಏಣಿಯ ಪಕ್ಕ ಕೆಂಪು ಬಣ್ಣದಲ್ಲಿ ಏನೋ ಬರೆದ. ಸುಶೀಲವ್ವ ಶಾಲೆಯಲ್ಲಿ ಓದಿದ್ದು ಎರಡನೆಯ ಇಯತ್ತೆಯವರೆಗೆ. ಮುದಿಯಪ್ಪನ ಹೆಸರೇ ಇರಬೇಕೆಂದು ಹಿಗ್ಗಿ, ಪೇಟೆಯ ನಡುವೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು:

“ಮೇ... ಲೆ... ಸಂ... ಡಿ... ಗೆ... ಹಾ... ಕ... ಬಾ... ರ... ದು.”

ಜನ ನಗುತ್ತಿದ್ದರು. ಅವಳು ಇನ್ನೊಮ್ಮೆ ಮೊದಲಿನಿಂದ ಓದಿದಳು.

“ಹಪ್ಪಳಾ ಅಂತ ಬರದಿಲ್ಲಲ್ಲ,” ಎಂದಳು.