ರೊಟ್ಟಿ ಬಡಿಯುತ್ತಲೇ ಬೆಳಗಾವಿಗೆ ನಡೆದವಳ ಮನವಿ

ಮಾನ್ಯ ಸ್ಮಾರ್ಟ್‌ವಾಚ್ ಅವರೇ,

ಮದುವೆಯ ಉಡುಗೊರೆಯಾಗಿ ಬಂದು, ಹಸಿರು ಬಳೆಗಳ ನಡುವೆ ಜಾಗ ಮಾಡಿಕೊಂಡು, ಸ್ನಾನದ ಹೊತ್ತು ಬಿಟ್ಟರೆ ನನ್ನ ಬಲಗೈಯನ್ನು ಅಗಲದ ತಮಗೆ, ಬಿಟಿಎಂ ಲೇಔಟಿನ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಿಂದ ಹೊಸ ಮದುಮಗಳು ಮೈತ್ರಿಯ ಸವಿನಯ ವಂದನೆಗಳು.

ಮದುವೆಯಾದ ಹನ್ನೊಂದನೇ ದಿನ ಲಾಕ್‌ಡೌನ್ ಬಂದು, ರಿಸೆಪ್ಷನ್ ಮುಂದಕ್ಕೆ ಹೋಗಿ, ನಾನೂ ನನ್ನ ಗಂಡ ಬಸವಂತನೂ ಮನೆಯೊಳಗೇ ಉಳಿದೆವು. ಅದರ ಬಗ್ಗೆ ನನ್ನ ದೂರೇನೂ ಇಲ್ಲ. ಜೆ.ಪಿ. ನಗರದಲ್ಲಿ ಅನ್ನ ಸಾರು ತಿಂದು ಬೆಳೆದ ನಾನು, ಬೆಳಗಾವಿಯ ಅವನಿಗಾಗಿ, ಅತ್ತೆ ಯಲ್ಲವ್ವನವರಿಂದ ವಿಡಿಯೊ ಕಾಲಿನಲ್ಲಿ ಜೋಳದ ರೊಟ್ಟಿ ಬಡಿಯಲು ಕಲಿತದ್ದಕ್ಕೆ ತಾವೇ ಸಾಕ್ಷಿ. ಹಿಟ್ಟು ತಮ್ಮ ಮುಖಕ್ಕೂ ಮೆತ್ತಿತ್ತು. ಅಲ್ಲಿಯವರೆಗೆ ಸೋಫಾದಿಂದ ಫ್ರಿಜ್ಜಿಗೆ ಹೋಗಿ ಬಂದ ನೂರ ಎಂಬತ್ತು ಹೆಜ್ಜೆಗಳನ್ನಷ್ಟೇ ತೋರಿಸುತ್ತಿದ್ದ ತಾವು, ಕೈಯ ಪ್ರತಿ ಬಡಿತವನ್ನೂ ಒಂದೊಂದು ಹೆಜ್ಜೆಯೆಂದು ಎಣಿಸಿ, ಒಂದು ಸಂಜೆ ಇದ್ದಕ್ಕಿದ್ದಂತೆ ಅದುರಿ, ಪರದೆಯ ಮೇಲೆ ಪಟಾಕಿ ಹಾರಿಸಿ, ಹತ್ತು ಸಾವಿರ ಹೆಜ್ಜೆ ಪೂರೈಸಿದ್ದಕ್ಕೆ ನನ್ನನ್ನು ಅಭಿನಂದಿಸಿದಿರಿ. ನಿಂತಲ್ಲೇ ನಿಂತಿದ್ದ ನಾನು ನಂಬಿಬಿಟ್ಟೆ. ಹೊಗಳಿದವರನ್ನು ನಂಬುವುದು ನನ್ನ ಸ್ವಭಾವ, ಮದುವೆಯಾದದ್ದೂ ಹಾಗೆಯೇ.

ಅಷ್ಟು ನಡೆದವಳಿಗೆ ಬೆಣ್ಣೆ, ಶೇಂಗಾ ಚಟ್ನಿಯೊಂದಿಗೆ ಎರಡು ರೊಟ್ಟಿ ಹೆಚ್ಚಾಗುತ್ತದೆಯೇ? ಹೆಚ್ಚು ತಿನ್ನಲು ಹೆಚ್ಚು ಬಡಿದೆ, ಹೆಚ್ಚು ಬಡಿದಷ್ಟೂ ಹೆಚ್ಚು ನಡೆದೆ, ನಡೆದ ಆಯಾಸಕ್ಕೆ ಮತ್ತೆ ತಿಂದೆ. ಅತ್ತೆಯವರು "ನಮ್ಮ ಸೊಸಿ ನೋಡ್ರಿ, ದಿನಾ ಹತ್ತ್ ಸಾವಿರ ಹೆಜ್ಜಿ ನಡೀತಾಳ, ನೀವ್ ಕುಂತಲ್ಲೇ ಬೇರ್ ಬಿಟ್ಟೀರಿ" ಎಂದು ಫ್ಯಾಮಿಲಿ ಗ್ರೂಪಿನಲ್ಲಿ ಮೈದುನಂದಿರನ್ನು ಬೈದರು. ತಮ್ಮ ಲೆಕ್ಕದಲ್ಲಿ ನಾನು ಈ ಮೂರು ತಿಂಗಳಲ್ಲಿ ಬೆಳಗಾವಿಗೆ ನಡೆದು ತಲುಪಿ, ಹಾವೇರಿಯವರೆಗೆ ವಾಪಸ್ಸೂ ಬಂದಿದ್ದೇನೆ. ಹೊಸಿಲು ಮಾತ್ರ ದಾಟಿಲ್ಲ.

ಬರುವ ಭಾನುವಾರ ಬನಶಂಕರಿಯಲ್ಲಿ, ಐವತ್ತೇ ಜನರ ಮುಂದೆ, ನಮ್ಮ ರಿಸೆಪ್ಷನ್. ಮಾರ್ಚಿನಲ್ಲಿ ಹೊಲಿಸಿದ್ದ ನವಿಲುಬಣ್ಣದ ರವಿಕೆಯ ಹುಕ್ಕಿಗೂ ಕುಣಿಕೆಗೂ ಈಗ ನಾಲ್ಕು ಬೆರಳು ಅಂತರವಿದ್ದು, ಇಷ್ಟು ಶಿಸ್ತಾಗಿ ದೈಹಿಕ ಅಂತರ ಕಾಪಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮನೆ ಬಾಗಿಲಿಗೇ ಬಂದ ಟೈಲರ್ ಚೂಡಾಮಣಿ ಆಂಟಿ ಮಾಸ್ಕಿನೊಳಗಿಂದಲೇ "ಒಳಗೆ ಬಿಟ್ಟಿದ್ ಬಟ್ಟೆ ಎಲ್ಲಾ ಬಿಚ್ಚಾಯ್ತಮ್ಮ, ಇನ್ನು ನೀನೇ ಏನಾದ್ರೂ ಮಾಡ್ಕೋಬೇಕು" ಎಂದು ಕೈಚೆಲ್ಲಿದರು.

ಆದ್ದರಿಂದ, ನನ್ನ ಹೆಸರಿಗೆ ಬರೆದಿರುವ ಏಳುನೂರು ಕಿಲೋಮೀಟರನ್ನು ತಾವೇ ಶನಿವಾರದೊಳಗೆ ನಡೆದು ಮುಗಿಸಿ, ಕರಗಿದ ತೂಕವನ್ನು ನನ್ನ ಸೊಂಟದಿಂದ ಕಳೆಯಬೇಕಾಗಿ ಕೋರುತ್ತೇನೆ. ಅದು ಆಗದಿದ್ದಲ್ಲಿ, "ಇವಳು ಬಹಳ ನಡೆದವಳು, ದಯವಿಟ್ಟು ಒಳಗೆ ಸೇರಿಸಿಕೊಳ್ಳಿ" ಎಂದು ರವಿಕೆಗೊಂದು ಶಿಫಾರಸು ಪತ್ರ ನೀಡುವುದು.

ಇಂತಿ, ತಮ್ಮ ಪಟಾಕಿಗೆ ಮರುಳಾದ
ತಮ್ಮ ವಿಶ್ವಾಸಿ,
ಮೈತ್ರಿ ಬಸವಂತ

ತಾ.ಕ.: ಬಸವಂತನ ಶೇರ್ವಾನಿಯ ಗುಂಡಿಗಳು ಇನ್ನೂ ಸಲೀಸಾಗಿ ಸೇರುತ್ತಿರುವುದನ್ನು ಇಂದು ಬೆಳಿಗ್ಗೆ ಕಣ್ಣಾರೆ ಕಂಡೆ. ನಾಳೆಯಿಂದ ತಾವು ಅವನ ಕೈಯಲ್ಲಿರುತ್ತೀರಿ. ರೊಟ್ಟಿ ಅವನೇ ಬಡಿಯುತ್ತಾನೆ. ನಾನು ಬರಿಗೈಯಲ್ಲಿ ಜಯನಗರದವರೆಗೆ ನಿಜವಾಗಿ ನಡೆದು ಬರುತ್ತೇನೆ. ಪಟಾಕಿಯನ್ನು ಯಾರಿಗೆ ಹಾರಿಸುತ್ತೀರೆಂದು ನನಗೆ ಗೊತ್ತು. ಹಾರಿಸಿ, ಅವನೂ ಎರಡು ರೊಟ್ಟಿ ಹೆಚ್ಚು ತಿನ್ನಲಿ. ಭಾನುವಾರದ ಫೋಟೊದಲ್ಲಿ ನಾನೊಬ್ಬಳೇ ಉಸಿರು ಬಿಗಿಹಿಡಿದು ನಿಲ್ಲಲಾರೆ.